ಗ್ರಹಣವೋ ಗೂಟವೋ

ಮಗ್ಗ ನಿಂತರೆ ಕೂಸುಗಳು ಎದ್ದು ಅಳುತ್ತಿದ್ದ ಕಾಲ ಅದು. ನಮ್ಮ ಇಚಲಕರಂಜಿಯ ಓಣಿಯಲ್ಲಿ ಬೆಳಗಾದರೂ ಖಟಖಟ, ಸಂಜೆಯಾದರೂ ಖಟಖಟ. ಆ ಸದ್ದೇ ನಮಗೆಲ್ಲ ಜೋಗುಳ. ನೂಲಿಗೆ ಹಾಕುವ ಗಂಜಿಯ ಹುಳಿ ವಾಸನೆ, ಮಗ್ಗದ ಎಣ್ಣೆಯ ಕಮಟು, ಅವ್ವ ಸುಡುವ ಜೋಳದ ರೊಟ್ಟಿಯ ಘಮ, ಈ ಮೂರೂ ಕೂಡಿದರೆ ನಮ್ಮ ಮನೆ. ಪಡಸಾಲೆಯಲ್ಲಿ ಅಪ್ಪನ ಎರಡು ಕರೆಂಟಿನ ಮಗ್ಗಗಳಿದ್ದವು. ನೂಲು ಮುಗಿದ ಖಾಲಿ ಕಂಡಿಕೆಗಳನ್ನು ಸಾಲಾಗಿ ನಿಲ್ಲಿಸಿ ಕಲ್ಲೆಸೆದು ಬೀಳಿಸುವುದು ನನ್ನ ಮತ್ತು ತಂಗಿ ಶಾಂತಾಳ ಆಟ. ನನಗೆ ಹತ್ತು ವರ್ಷ, ಅವಳಿಗೆ ಏಳು. ಶಾಂತಾಳಿಗೆ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ, ಹಾಗಾಗಿ ಮಾತೂ ಇರಲಿಲ್ಲ. ಆಟದಲ್ಲಿ ಮೋಸ ಮಾಡಿದರೆ ಮಾತ್ರ ಬಿಡುತ್ತಿರಲಿಲ್ಲ, ಕೈ ಕಚ್ಚುತ್ತಿದ್ದಳು.

ಅವಳಿಗೆ ಹಾಗೇಕಾಯಿತು ಎಂಬುದಕ್ಕೆ ನಮ್ಮ ಮನೆಯಲ್ಲಿ ಒಂದೇ ಉತ್ತರ. ಅಪ್ಪನ ತಾಯಿ, ನಮ್ಮ ಆಯಿ, ಅದನ್ನು ಬಂದವರಿಗೆಲ್ಲ ಹೇಳುತ್ತಿದ್ದಳು.

"ನಮ್ಮ ಪಾರೂ ಬಸರಿದ್ದಾಗ ಗ್ರಹಣದಾಗ ಕತ್ತರಿ ಹಿಡದು ನೂಲ ಕತ್ತರಿಸ್ಯಾಳ್ರಿ. ಬ್ಯಾಡ ಅಂದ್ರ ಎಲ್ಲಿ ಕೇಳ್ತಾಳ?"

ಪಾರೂ ಎಂದರೆ ನಮ್ಮ ಅವ್ವ; ಅವಳು ರೊಟ್ಟಿ ಬಡಿಯುತ್ತಲೇ ಇರುತ್ತಿದ್ದಳು. ಆ ವರ್ಷ ಅವ್ವ ಮತ್ತೆ ಬಸುರಿ. ನಡುವೆ ಒಂದು ಗ್ರಹಣ ಬಂದಿತ್ತು. ಅಂದು ಕತ್ತಲೆಕೋಣೆಯಲ್ಲಿ ಚಾಪೆಯ ಮೇಲೆ ಅವ್ವ ಕೈಕಾಲು ಅಲ್ಲಾಡಿಸದೆ ಮಲಗಿದ್ದಳು. ಮೂಗಿನ ಮೇಲೆ ನೊಣ ಕೂತರೂ ಓಡಿಸಲಿಲ್ಲ. ಗ್ರಹಣ ಬಿಟ್ಟ ಮೇಲೆ ಸ್ನಾನ ಮಾಡಿ ಬಂದು, "ಈ ಸಲ ಏನೂ ತಪ್ಪಾಗಿಲ್ಲ ನೋಡ ಸುಶೀ" ಎಂದು ನನ್ನನ್ನು ನೋಡಿ ನಕ್ಕಳು. ಅವ್ವ ಅಷ್ಟು ಹಗುರಾಗಿ ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ಆ ಬೇಸಿಗೆಯಲ್ಲಿ ಲಿಂಗೂ ಮಾಮಾ ಬಂದ. ಅವ್ವನ ಅಣ್ಣ. ಗಡಹಿಂಗ್ಲಜದ ಮೆಣಸಿನಕಾಯಿ ವ್ಯಾಪಾರಿಗಳ ಮನೆಯಲ್ಲಿ ಹುಟ್ಟಿ, ಕೊಲ್ಹಾಪುರದಲ್ಲಿ ಭೌತಶಾಸ್ತ್ರ ಓದಿ, ಮುಂಬಯಿಯ ಪ್ರಯೋಗಶಾಲೆ ಸೇರಿದವನು. ಈಚೆಗೆ ಅದೇನು ಹುಚ್ಚು ಹಿಡಿಯಿತೋ, ತನ್ನ ಕ್ಷ-ಕಿರಣಗಳನ್ನೆಲ್ಲ ಜೀವಿಗಳ ಕಡೆ ತಿರುಗಿಸಿದ್ದ. ಎಂಟು-ಹತ್ತು ಜನರನ್ನು ಕೈಕೆಳಗಿಟ್ಟುಕೊಂಡು, ಜೀವಕಣದೊಳಗಿನ ಅಣುಗಳು ಹೇಗಿವೆ ಎಂದು ಹುಡುಕುತ್ತಿದ್ದನಂತೆ. ಹಾತಕಣಂಗಲೆಯಲ್ಲಿ ರೈಲಿಳಿದು ಟಾಂಗಾದಲ್ಲಿ ಬಂದವನನ್ನು ಆಯಿ ಹೊಸ್ತಿಲಲ್ಲೇ ಹಿಡಿದಳು.

"ಅಲ್ಲೋ ಲಿಂಗೂ, ಬೆಳಕಿನ ಶಾಸ್ತ್ರ ಕಲತಾಂವ ಹುಳಾ ಯಾಕ ನೋಡಾಕತ್ತಿ?"

"ಹುಳಾನೂ ಒಂದ ಮಿಷೀನಾನ ಅತ್ತಿ" ಎಂದು ಮಾಮಾ ನಕ್ಕ.

ಆಯಿ ಅವನಿಗೆ ಸೋದರತ್ತೆ. ತನ್ನ ತಮ್ಮನ ಮಗಳನ್ನೇ ಸೊಸೆಯಾಗಿ ತಂದುಕೊಂಡಿದ್ದಳು. ನಮ್ಮಲ್ಲಿ ಅದು ರೂಢಿ. ಹೊರಗಿನ ಹೆಣ್ಣು ತರಲಿಲ್ಲವೆಂದು ಆಯಿಗೆ ಹೆಮ್ಮೆ.

ಮಾಮಾ ಬಂದ ಮೂರನೇ ದಿನ ಸೀರೆಯ ಅಂಚು ಕೆಟ್ಟಿತು. ಪ್ರತಿ ಹೂವಿನಲ್ಲೂ ಒಂದು ಎಸಳು ಕಾಣೆ. ಅಪ್ಪ ಬಯ್ಯುತ್ತ ಮಗ್ಗ ನಿಲ್ಲಿಸಿ ಡಾಬಿ ನೋಡಿದ. ಡಾಬಿಯಲ್ಲಿ ಮರದ ಪಟ್ಟಿಗಳ ಒಂದು ಸರಪಳಿ ಸುತ್ತುತ್ತಿರುತ್ತದೆ, ಪಟ್ಟಿಗಳ ತೂತಿನಲ್ಲಿ ಬೆರಳುದ್ದದ ಗೂಟಗಳು. ಗೂಟ ಇದ್ದಲ್ಲಿ ಎಳೆಗಳು ಏಳುತ್ತವೆ, ಇಲ್ಲದಲ್ಲಿ ಏಳುವುದಿಲ್ಲ. ಹೂವು ಮೂಡುವುದೇ ಹಾಗೆ. ಒಂದು ಗೂಟ ಉದುರಿತ್ತು. ಅಪ್ಪ ಬೇರೊಂದು ಗೂಟ ಹೆಟ್ಟಿದ. ಮಾಮಾ ಕುಣಿಯುವುದೊಂದು ಬಾಕಿ.

"ಸುಶೀ, ಬಾ ಇಲ್ಲೆ. ನಮ್ಮ ಮೈಯಾಗೂ ಇಂಥಾ ಸರಪಳಿ ಇರ್ತಾವ. ಒಂದ ಅಪ್ಪನ ಕಡೀದು, ಒಂದ ಅವ್ವನ ಕಡೀದು. ಕಣ್ಣು, ಮೂಗು, ಕಿವಿ ಎಲ್ಲಾ ಅದರಂಗನ ನೇಯ್ದ ಬರ್ತಾವ. ಒಂದರಾಗ ಗೂಟ ಬಿದ್ದಿದ್ರ ಇನ್ನೊಂದು ಸಂಭಾಳಸ್ತೈತಿ. ಎರಡರಾಗೂ ಅದ ಗೂಟ ಇಲ್ಲಂದ್ರ, ಎಸಳ ಹೋತು."

ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದೆವು. ರೊಟ್ಟಿ, ಝುಣಕ, ಹಸಿ ಉಳ್ಳಾಗಡ್ಡಿ. ನಾನು ಬಾಯಿ ಮುಚ್ಚಿಕೊಂಡು ತಿನ್ನಬೇಕಿತ್ತು. ತಿನ್ನಲಿಲ್ಲ.

"ಮಾಮಾ, ಹಂಗಾರ ಶಾಂತಾನ ಕಿವಿ ಗ್ರಹಣದಿಂದ ಹೋಗಿಲ್ಲೇನ? ಗೂಟ ಬಿದ್ದೈತೇನ?"

ಮಾಮಾನ ತುತ್ತು ಕೈಯಲ್ಲೇ ನಿಂತಿತು. "ಗ್ರಹಣದಿಂದ ಅಲ್ಲವಾ. ಪಾರೂಂದು ಎಳ್ಳಷ್ಟೂ ತಪ್ಪಿಲ್ಲ. ಗೂಟಾನ ಇರಬೇಕು, ಎರಡೂ ಕಡೀದು."

ಆಯಿ ನಿಧಾನಕ್ಕೆ ಕೇಳಿದಳು. "ನನ್ನ ಮಗಾ, ನನ್ನ ತಮ್ಮನ ಮಗಳು. ಎರಡೂ ಕಡೆ ಅಂದ್ರ ನನ್ನ ತವರಮನೀದನ ಅಲ್ಲೇನೋ?"

ಮಾಮಾ ತಲೆ ತಗ್ಗಿಸಿದ. ಆಯಿ ಅರ್ಧ ರೊಟ್ಟಿ ಬಿಟ್ಟು ಎದ್ದಳು.

ಅವ್ವ ನಗುತ್ತಾಳೆಂದು ನಾನು ಕಾದೆ. ಏಳು ವರ್ಷದ ಅಪವಾದ ಒಂದೇ ಊಟದಲ್ಲಿ ಕಳಚಿತ್ತಲ್ಲ. ಅವ್ವ ಮಾತ್ರ ಹಿತ್ತಲಿಗೆ ಹೋಗಿ, ಹೊಟ್ಟೆಯ ಮೇಲೆ ಎರಡೂ ಕೈಯಿಟ್ಟುಕೊಂಡು ಅಳತೊಡಗಿದಳು.

"ಅಣ್ಣಾ, ಗ್ರಹಣದಿಂದನ ಆಗಿದ್ರ ಚಲೋ ಇತ್ತು. ಈ ಸಲ ನಾ ಕತ್ತರಿ ಮುಟ್ಟಿಲ್ಲ. ಗೂಟ ಅಂದ್ರ ನಾ ಏನ ಮಾಡ್ಲಿ?"

ಹಿಂದೆಯೇ ಬಂದಿದ್ದ, ಅಷ್ಟು ಓದಿದ ಮಾಮಾ ಅವಳ ಪಕ್ಕ ಕುಕ್ಕರಿಸಿ ನೆಲ ಕೆರೆಯತೊಡಗಿದ. ನನಗೆ ತಲೆ ಕೆಟ್ಟುಹೋಯಿತು. ಅವ್ವನ ತಪ್ಪಿಲ್ಲ ಎಂದರೆ ಅವ್ವನೇ ಅಳುತ್ತಾಳೆ; ಬಯ್ಯುತ್ತಿದ್ದ ಆಯಿ ಮೂಲೆಯಲ್ಲಿ ಮುಖ ಮುಚ್ಚಿಕೊಂಡಿದ್ದಾಳೆ. ಮಾಮಾನ ಮೇಲೆ ಸಿಟ್ಟು ಬಂತು, ಕೇಳಿದ ನನ್ನ ಮೇಲೆ ಇನ್ನೂ ಹೆಚ್ಚು. ಏನು ಮಾಡಬೇಕೋ ತಿಳಿಯದೆ ಮಗ್ಗದ ಕೆಳಗೆ ತೂರಿ, ನೂಲಿನ ಕಸದಲ್ಲಿ ಬಿದ್ದಿದ್ದ ಆ ಗೂಟ ಹುಡುಕಿ ತಂದು ಅವ್ವನ ಅಂಗೈಯಲ್ಲಿಟ್ಟೆ.

"ಇದನ್ನ ಇಟ್ಕೋ ಅವ್ವಾ. ಕೂಸಿಗೆ ಬೇಕಾಗ್ತೈತಿ."

ಅವ್ವ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಮಳೆಗಾಲದಲ್ಲಿ ಗಂಡು ಕೂಸು ಹುಟ್ಟಿತು. ಸೂಲಗಿತ್ತಿ ಮರಾಠಿಯಲ್ಲಿ, "ಮುಲ್ಗಾ ಝಾಲಾ, ತಾಟ ವಾಜವಾ" ಎಂದಳು. ಗಂಡು ಹುಟ್ಟಿದರೆ ತಾಟು ಬಡಿಯುವುದು ರೂಢಿ, ಆಯಿ ಕೈಯೆತ್ತಿದಳು.

"ಬ್ಯಾಡ್ರಿ ಅತ್ತಿ. ಕೂಸಿಗೆ ಕೇಳ್ತೈತೋ ಇಲ್ಲೋ ನನಗ ಈಗ ಗೊತ್ತಾಗೂದು ಬ್ಯಾಡ" ಎಂದಳು ಅವ್ವ.

ಆಯಿ ತಾಟು ಕೆಳಗಿಟ್ಟಳು. ಆಮೇಲೆ ಅವ್ವನ ಸೆರಗಿನಿಂದ ಗೂಟ ಬಿಚ್ಚಿ, ಅರಿಶಿನದ ದಾರದಲ್ಲಿ ತೊಟ್ಟಿಲಿಗೆ ಕಟ್ಟಿದವಳೂ ಅವಳೇ.

ಮಗ್ಗಗಳ ಗದ್ದಲದಲ್ಲಿ ಕೂಸಿಗೆ ಕೇಳುತ್ತದೋ ಇಲ್ಲವೋ ಯಾರಿಗೂ ತಿಳಿಯುವಂತಿರಲಿಲ್ಲ. ನಾಲ್ಕು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಕರೆಂಟು ಹೋಯಿತು. ಓಣಿಯ ಮಗ್ಗಗಳೆಲ್ಲ ನಿಂತವು. ಕೂಸು ಎಚ್ಚತ್ತು ಅತ್ತಿತು. ಆಯಿ ಕೈ ಮುಗಿದಳು. ಅವ್ವ ಮಾತ್ರ ಶಾಂತಾಳ ಕಡೆ ನೋಡಿದಳು, ಅವಳೂ ತಲೆಯೆತ್ತಿದ್ದಳು. ಮಗ್ಗ ನಿಂತದ್ದು ಅವಳಿಗೆ ನೆಲದ ನಡುಕ ನಿಂತದ್ದರಿಂದಲೇ ಗೊತ್ತಾಗುತ್ತಿತ್ತು; ಕೂಸೂ ಹಾಗೇ ಎದ್ದಿರಬಹುದಲ್ಲ. ಅವ್ವ ಎದ್ದು ಕೂಸನ್ನು ನನ್ನ ತೊಡೆಗೆ ಹಾಕಿ, ನನ್ನ ಬೆನ್ನ ಹಿಂದೆ ಹೋಗಿ ಮೆಲ್ಲಗೆ, "ಬಾಳಾ" ಎಂದು ಅದನ್ನು ಕರೆದಳು. ಕೂಸು ಕತ್ತು ಹೊರಳಿಸಿ ಹುಡುಕಿತು. ಅವ್ವ ಓಡಿಬಂದು ಅಪ್ಪಿಕೊಂಡು ಅತ್ತದ್ದು ಅವನನ್ನಲ್ಲ, ಶಾಂತಾಳನ್ನು.

ಈಗ ಆ ಓಣಿಯಲ್ಲಿ ಲಾಳಿಯೇ ಇಲ್ಲದ ಮಗ್ಗಗಳು. ಹೂವು ಕಂಪ್ಯೂಟರಿನಲ್ಲಿದೆ, ಉದುರಲು ಗೂಟವಿಲ್ಲ. ಮಾಮಾ ಊಹಿಸಿದ್ದನ್ನು ಈಗ ಒಂದು ಹನಿ ರಕ್ತ ನೋಡಿ ಕಾಗದದಲ್ಲಿ ಬರೆದುಕೊಡುತ್ತಾರೆ. ಮಾಮಾ ಇಲ್ಲ, ಆಯಿ ಇಲ್ಲ, ನನ್ನ ಶಾಂತಾಳೂ ಇಲ್ಲ. ಆ ಗೂಟ ಯಾವ ಮನೆ ಬದಲಿಸುವಾಗ ಕಳೆಯಿತೋ ಗೊತ್ತಿಲ್ಲ. ಅವ್ವ ಹೋಗುವತನಕ ಗ್ರಹಣದ ದಿನ ಬಸುರಿಯರ ಕೈಯಿಂದ ಕತ್ತರಿ ಕಸಿದಿಡುತ್ತಿದ್ದಳು. ನನ್ನ ಮಗಳು ಬಸುರಿಯಿದ್ದಾಗಲೂ ಹಾಗೇ ಮಾಡಿದಾಗ ನಾನು ರೇಗಿದ್ದೆ.

"ಮಾಮಾ ಹೇಳಿದ್ದು ನೀ ನಂಬಲೇ ಇಲ್ಲೇನ ಅವ್ವಾ?"

"ನಂಬೇನಿ. ಅಣ್ಣ ಖರೇನ ಹೇಳಿದ. ಆದ್ರ ಕೂಸು ಬರೂತನಕ ನಾ ಏನ ಹಿಡಕೊಂಡ ಕುಂದ್ರಬೇಕಂತ ಅಂವ ಹೇಳಲಿಲ್ಲ. ಹಿಡಕೊಳ್ಳಾಕ ಗೂಟಾ ತಂದ ಕೊಟ್ಟಾಕಿ ನೀನ."