ಎದುರು ಮನೆಯ ಅಳವಿ ಪಾಯಸ

ಮೊನ್ನೆ ಕೆಳಗಿನ ಮನೆಯ ಬಾಣಂತಿಗೆಂದು ಅಳವಿ ಪಾಯಸ ಕುದಿಯುತ್ತಿತ್ತು. ಅಳವಿ ಬೀಜ, ಬೆಲ್ಲ, ಕೊಬ್ಬರಿಯ ಆ ವಾಸನೆ ಮೆಟ್ಟಿಲು ಹತ್ತಿ ಬಂದದ್ದೇ ತಡ, ನನ್ನ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಜೋರಾಪುರ ಪೇಟೆಯ ನಮ್ಮ ಎದುರು ಮನೆಯವಳು, ಚಿಕ್ಕಮ್ಮನೆಂಬಂತೆ ನಾನು ಕರೆಯುತ್ತಿದ್ದ ಕಾಕು ನೆನಪಾದಳು...

ಆಗ ನನಗೆ ಇಪ್ಪತ್ತಮೂರು. ಅಂಡಾಶಯದಲ್ಲಿ ಗಡ್ಡೆಯೆಂದು ಹೊಟ್ಟೆಗೆ ಮೂರು ಸಣ್ಣ ತೂತು ಮಾಡಿ, ದುರ್ಬೀನು ಇಳಿಸಿ ತೆಗೆದರು. ಮರುದಿನವೇ ನಡೆಸಿದರು. ಅವ್ವನಿಗೆ ಮೊಣಕಾಲು ನೋವು, ಹಾಗಾಗಿ ಆಸ್ಪತ್ರೆಯಲ್ಲಿ ನನ್ನ ಪಕ್ಕ ಕೂತವಳು ಕಾಕು. ತೆಗೆದ ಗಡ್ಡೆಯನ್ನು ಬಾಟಲಿಯಲ್ಲಿ ತೋರಿಸಿದಾಗ ಕಣ್ಣಾರೆ ಕಂಡವಳೂ ಅವಳೇ. ಆಪರೇಷನ್ನಿಗೆಂದು ಹೊಟ್ಟೆಗೆ ತುಂಬಿದ್ದ ಗಾಳಿಯಿಂದ ನನಗೆ ಹೆಗಲು ಸೆಳೆಯುತ್ತಿತ್ತು. "ಹೊಟ್ಟಿ ಕೊಯ್ದ್ರ ಹೆಗಲ ಯಾಕ ನೋಯ್ತೈತಿ ಬೇ, ನಿಂದೆಲ್ಲಾ ಉಲ್ಟಾನ," ಎನ್ನುತ್ತ ತಿಕ್ಕುತ್ತಿದ್ದಳು. ನಕ್ಕರೆ ಹೊಲಿಗೆ ನೋಯುತ್ತಿತ್ತು.

ಮನೆಗೆ ಬಂದ ಮೇಲೆ ದಿನವೂ ಒಂದು ಬಟ್ಟಲು ಅಳವಿ ಪಾಯಸ ತಂದಳು. ನಮ್ಮ ಕಡೆ ಅದು ಬಾಣಂತಿಯರ ತಿನಿಸು. ಮದುವೆಯಾಗದ ಮಗಳಿಗೆ ಕೊಡಲು ಅವ್ವ ಹಿಂದೆಮುಂದೆ ನೋಡಿದಳು.

"ಸೊಂಟಕ್ಕ ಬಲ ಬರ್ತೈತ್ರಿ. ಯಾರರ ಏನರ ಅಂದ್ರ ನಾ ಅದೀನಿ," ಎಂದಳು ಕಾಕು.

ವಾಸನೆ ಹೋದಲ್ಲೆಲ್ಲ ಮಾತೂ ಹೋಯಿತು. ಆ ಹೊತ್ತಿಗೆ ಕಳ್ಳಕವಟಗಿಯಲ್ಲಿ ನನ್ನ ಸಂಬಂಧ ನಿಶ್ಚಯವಾಗಿತ್ತು. ಗಡ್ಡೆಯ ವಿಷಯ ನಾವೇ ಅವರಿಗೆ ಹೇಳಿದ್ದೆವು, ಏನನ್ನೂ ಮುಚ್ಚಿಟ್ಟಿರಲಿಲ್ಲ. ಆದರೂ ಅಳವಿಯ ಸುದ್ದಿ ಕಿವಿಗೆ ಬಿದ್ದು, ಹುಡುಗನ ಸೋದರತ್ತೆ ವಿಚಾರಿಸಲು ಎದುರು ಮನೆಗೇ ಬಂದಳು. ಹೆಣ್ಣಿನ ವಿಷಯ ನೆರೆಯವರನ್ನು ಕೇಳುವುದು ನಮ್ಮಲ್ಲಿ ರೂಢಿ. ನಾನು ಕಿಟಕಿಯಲ್ಲಿ ನಿಶ್ಚಿಂತೆಯಿಂದ ನಿಂತಿದ್ದೆ. ಕಾಕು ಇದ್ದಾಳಲ್ಲ.

"ಯಾವ ಆಪರೇಷನ್ನೋ ಏನೋ, ನನಗೇನ್ ಗೊತ್ತಿಲ್ರಿ ಯವ್ವಾ. ಅವರು ಮಾಡಿಕೊಡು ಅಂದ್ರು, ನಾ ಮಾಡಿಕೊಟ್ಟೆ," ಎಂದಳು.

ಸಂಬಂಧ ಮುರಿಯಿತು. ಮುಂದೆ ಆ ಮನೆಗೆ ಸೊಸೆಯಾಗಿ ಹೋದವಳು ಕಾಕುವಿನ ತಮ್ಮನ ಮಗಳು, ಮಮದಾಪುರದವಳು. ನಂಬಿದ ಎಮ್ಮೆ ಕೋಣ ಈಯಿತು ಎನ್ನುತ್ತಾರಲ್ಲ... ಹಾಗೆ ಹಗುರವಾಗಿ ಹೇಳಲು ನನಗೆ ಬಹಳ ವರ್ಷ ಹಿಡಿಯಿತು. ಹುಡುಗನಿಗಾಗಿ ಎರಡು ದಿನ ಅತ್ತಿದ್ದೆ. ಕಾಕುವಿಗಾಗಿ ಎಷ್ಟು ದಿನವೋ ಲೆಕ್ಕವಿಲ್ಲ.

ಹೋದ ವರ್ಷ ಆಕೆ ತೀರಿಕೊಂಡಳು. ನಾನು ಮಣ್ಣಿಗೆ ಹೋಗಲಿಲ್ಲ. ಆ ಮೂರು ತೂತುಗಳ ಗುರುತೂ ಈಗ ಹುಡುಕಬೇಕು, ಅಷ್ಟು ಮಾಸಿವೆ.

ಕೆಳಗಿನ ಮನೆಯವರು ಒಂದು ಬಟ್ಟಲು ಪಾಯಸ ತಂದುಕೊಟ್ಟರು. ಎರಡು ಚಮಚ ತಿಂದೆ, ಬೆಲ್ಲ ಕಡಿಮೆಯಾಗಿತ್ತು. ಕಾಕುವಿನ ಕೈಯದೇ ಬೇಕೆನ್ನಿಸಿತು. ನನ್ನ ಮೇಲೆ ನನಗೇ ಸಿಟ್ಟು ಬಂತು.