ಅಕ್ಕನ ಅಕ್ಷರಕ್ಕೊಂದು ಪ್ರಿಂಟರ್

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವನು ನಾನು. ಎಂಥ ಹಠಮಾರಿಯ ಮುಂದೆಯೂ ತಾಳ್ಮೆ ಕಳೆದುಕೊಳ್ಳುವವನಲ್ಲ ಎಂದು ನನ್ನ ಬಗ್ಗೆ ನನಗೇ ಒಂದು ಒಳ್ಳೆಯ ಅಭಿಪ್ರಾಯವಿತ್ತು. ಹೋದ ಮಳೆಗಾಲದಲ್ಲಿ ಮನೆಗೆ ಬಂದ ಪ್ರಿಂಟರ್ ಒಂದೇ ವಾರದಲ್ಲಿ ಅದನ್ನು ತಿದ್ದಿತು.

ಅದನ್ನು ಕೊಂಡದ್ದು ನನ್ನ ಅಕ್ಕ ಗೌರಮ್ಮನಿಗಾಗಿ. ಭಾವ ತೀರಿಕೊಂಡ ಮೇಲೆ ಅಕ್ಕ ಶನಿವಾರಸಂತೆಯಲ್ಲಿ ನಮ್ಮ ಜೊತೆಗೇ ಇದ್ದಾಳೆ. ಸುತ್ತಲಿನ ಊರುಗಳಲ್ಲಿ ಮದುವೆಯೆಂದರೆ ಸೋಬಾನೆ ಹಾಡಲು ಅವಳಿಗೆ ಕರೆ ಬರಲೇಬೇಕು. ಹಾಡುಗಳನ್ನೆಲ್ಲ ಒಂದು ಉದ್ದನೆಯ ನೋಟುಬುಕ್ಕಿನಲ್ಲಿ ತಾನೇ ಬರೆದಿಟ್ಟುಕೊಂಡಿದ್ದಾಳೆ. ಈಚೆಗೆ ಅವಳ ಕಣ್ಣು ಮಂಜಾಯಿತು. ಇದು ಆಪರೇಷನ್‌ನಿಂದ ಸರಿಹೋಗುವುದಲ್ಲ, ದೊಡ್ಡ ಅಕ್ಷರವಾದರೆ ಓದಬಹುದು ಎಂದರು ಡಾಕ್ಟರು. ಮೊಮ್ಮಗಳು ದೀಪಾಳ ಮದುವೆಗೆ ಉಳಿದಿದ್ದುದು ಒಂದೇ ತಿಂಗಳು.

"ಮೊಮ್ಮಗಳ ಧಾರೆಗೇ ಹಾಡ್ದೆ ಇದ್ರೆ ನಾನಿದ್ದು ಏನ್ ಬಂತೋ?" ಎಂದು ಅಕ್ಕ ನೋಟುಬುಕ್ಕನ್ನು ಮೂಗಿಗೆ ಹಿಡಿದು ಕೂತಳು.

ಬಸ್ ಸ್ಟ್ಯಾಂಡಿನ ಜೆರಾಕ್ಸ್ ಅಂಗಡಿಗೆ ಒಯ್ಯೋಣವೆಂದರೆ ಪುಸ್ತಕ ಮನೆಯ ಹೊಸಿಲು ದಾಟುವಂತಿಲ್ಲ. ಹಿಂದೊಮ್ಮೆ ಯಾರೋ ಕೇಳಿ ಒಯ್ದು ನಾಲ್ಕು ಹಾಳೆ ಕಳೆದುಕೊಂಡು ತಂದಿದ್ದರು. ಹಾಗಾಗಿ ಹಾಡುಗಳನ್ನು ನಾನೇ ಟೈಪ್ ಮಾಡಿ, ದಪ್ಪಕ್ಷರದಲ್ಲಿ ಮನೆಯಲ್ಲೇ ಪ್ರಿಂಟ್ ತೆಗೆಯುವುದೆಂದು ತೀರ್ಮಾನಿಸಿದೆ. ಎಷ್ಟು ಸುಲಭದ ತೀರ್ಮಾನ!

ಪ್ರಿಂಟರ್ ಕೊಳ್ಳುತ್ತೇನೆಂದು ಬಾಯಿಬಿಟ್ಟದ್ದೇ ತಪ್ಪಾಯಿತು. ಲೇಸರ್ ಬಿಟ್ಟು ಬೇರೆ ಮುಟ್ಟಬೇಡ ಎಂದರು ಪಕ್ಕದ ಮನೆಯವರು. ಟ್ಯಾಂಕಿಗೆ ಇಂಕು ಸುರಿಯುವಂಥದ್ದೇ ಆಗಬೇಕೆಂದು ಫೋನಿನಲ್ಲಿ ಕಿವಿ ಕಚ್ಚಿದ ನನ್ನ ಹೆಂಡತಿಯ ತಮ್ಮ. ಇಂಟರ್‌ನೆಟ್ಟಿನಲ್ಲಿ ನೋಡಿದರೆ ಒಂದೇ ಪ್ರಿಂಟರನ್ನು ಒಬ್ಬ ದೇವರೆನ್ನುತ್ತಾನೆ, ಅವನ ಕೆಳಗಿನವನು ಶಪಿಸುತ್ತಾನೆ. ಕೊನೆಗೆ ಕುಶಾಲನಗರದ ಒಂದು ಅಂಗಡಿ ಹೊಕ್ಕೆ.

"ತಿಂಗಳಿಗೆ ಎಷ್ಟು ಪೇಜ್ ಉಂಟು ಸರ್?" ಎಂದರು ಅಂಗಡಿಯವರು.

"ಸೋಬಾನೆ ಪದ. ಎಷ್ಟಾಗುತ್ತೋ ಗೊತ್ತಿಲ್ಲ."

"ಅದು ಕಲರಾ, ಬ್ಲ್ಯಾಕಾ?"

ಸೋಬಾನೆಯ ಬಣ್ಣದ ಬಗ್ಗೆ ನಾನು ಅದುವರೆಗೆ ಯೋಚಿಸಿರಲಿಲ್ಲ. ಬರೀ ಪ್ರಿಂಟ್ ಮಾಡುವುದನ್ನು ಕೊಡಿ ಎಂದೆ. "ಅದೆಲ್ಲ ಸ್ಟಾಕ್ ಇಲ್ಲ ಸರ್. ಪ್ರಿಂಟ್, ಸ್ಕ್ಯಾನ್, ಜೆರಾಕ್ಸ್, ಮೂರೂ ಒಟ್ಟಿಗೇ ಉಂಟು" ಎಂದು, ನಾನು ಹೂಂ ಎನ್ನುವ ಮೊದಲೇ ಪೆಟ್ಟಿಗೆಗೆ ಹಗ್ಗ ಬಿಗಿದರು.

ಮನೆಗೆ ಬಂದ ಯಂತ್ರಕ್ಕೆ ನಮ್ಮ ವೈಫೈ ಕಾಣಿಸಲು ಎರಡು ದಿನ ಹಿಡಿಯಿತು. ಕಂಡ ಮೇಲೆ, ಮಳೆಗೆ ಮೆತ್ತಗಾದ ಕಾಗದವನ್ನು ಮೂರು ಮೂರು ಹಾಳೆ ಒಟ್ಟಿಗೆ ಎಳೆದು ಜಗಿಯಿತು. ಕಾಗದವನ್ನು ಒಲೆಯ ಹತ್ತಿರ ಬೆಚ್ಚಗೆ ಮಾಡಿ ಕೊಟ್ಟೆ. ಆಗ ಅಕ್ಷರ ಬಂತು, ಆದರೆ ಒತ್ತುಗಳೆಲ್ಲ ತಮ್ಮ ಜಾಗ ಬಿಟ್ಟು ಪಕ್ಕಕ್ಕೆ ಬಂದು ಕೂತಿದ್ದವು. 'ಅಕ್ಕ' ಎಂದು ಸರಿಯಾಗಿ ಬರೆಯಲೂ ಬಾರದ ಯಂತ್ರ! ಫಾಂಟು ಬದಲಾಯಿಸಿದೆ. ಒತ್ತು ಕೂಡಿಕೊಳ್ಳುವಷ್ಟರಲ್ಲಿ ನೀಲಿ ಇಂಕು ಮುಗಿಯಿತೆಂದು ಕೆಂಪು ದೀಪ ಹತ್ತಿತು. ನನಗೆ ಬೇಕಿದ್ದುದು ಕಪ್ಪಕ್ಷರ, ಯಂತ್ರಕ್ಕೋ ನೀಲಿ ಇಲ್ಲದೆ ಕೈಯೇ ಓಡದು. ತಾಳೆಗರಿಯ ಕಾಲದ ಲಿಪಿಕಾರರು ಬೆನ್ನು ಬಾಗಿತು, ಕತ್ತು ನೊಂದಿತು ಎಂದು ಗ್ರಂಥದ ಕೊನೆಯಲ್ಲಿ ಗೋಳು ಹೇಳಿಕೊಳ್ಳುತ್ತಿದ್ದರಂತೆ. ಇರಬಹುದು. ಆದರೆ ನೀಲಿ ಮಸಿ ತಾರದೆ ಕಪ್ಪು ಬರೆಸಿಕೊಳ್ಳೆನೆಂದು ಯಾವ ತಾಳೆಗರಿಯೂ ಅವರೆದುರು ಮುನಿದು ಕೂತದ್ದಿಲ್ಲ. ಇಂಕಿಗಾಗಿ ಮತ್ತೆ ಕುಶಾಲನಗರದ ಬಸ್ಸು ಹತ್ತಿದೆ.

ಅಂತೂ ಮದುವೆಗೆ ಎಂಟು ದಿನವಿರುವಾಗ ಹಾಡುಗಳೆಲ್ಲ ಅಡಿಕೆ ಗಾತ್ರದ ಅಕ್ಷರದಲ್ಲಿ ಹೊರಬಂದವು. ಹೆಮ್ಮೆಯಿಂದ ಅಕ್ಕನ ಮಡಿಲಿಗೆ ಹಾಕಿದೆ. ಅವಳು ಒಂದು ಸಾಲು ಓದಿದಳು, ನಿಲ್ಲಿಸಿದಳು. ಮತ್ತೆ ಮೊದಲಿನಿಂದ ಶುರುಮಾಡಿ ಅಲ್ಲೇ ತಡವರಿಸಿದಳು.

"ಕಾಣಲ್ವಾ ಅಕ್ಕ? ಇನ್ನೂ ದೊಡ್ಡದು ಮಾಡ್ಲಾ?"

"ಅಕ್ಷರ ಕಾಣುತ್ತೆ ಕಣೋ. ಹಾಡು ಕಾಣಲ್ಲ."

ನೋಟುಬುಕ್ಕು ತೆರೆದು ಹೋಲಿಸಿದಾಗ ತಿಳಿಯಿತು. ಎಳೆದು ಹಾಡುವ ಕಡೆ ಅವಳು ಅಕ್ಷರದ ಬಾಲವನ್ನು ಉದ್ದಕ್ಕೆ ಎಳೆದಿದ್ದಳು. ಉಸಿರು ತೆಗೆದುಕೊಳ್ಳುವಲ್ಲಿ ಒಂದು ಚುಕ್ಕಿ, ಉಳಿದವರು ದನಿ ಸೇರಿಸುವಲ್ಲಿ ಎರಡು. ಕನ್ನಡ ಮೇಷ್ಟರಾದ ನಾನು ಅವನ್ನೆಲ್ಲ ಕಾಗುಣಿತದ ತಪ್ಪೆಂದು ತಿದ್ದಿ ಚೊಕ್ಕ ಮಾಡಿದ್ದೆ. ಎರಡು ವಾರ ಯಂತ್ರವನ್ನು ಬೈದದ್ದೇ ಬೈದದ್ದು. ಹಾಡು ಕೆಡಿಸಿದವನು ನಾನು.

ಅಕ್ಕ ಹಾಳೆಗಳನ್ನು ಮಡಿಸಿಟ್ಟು, "ಬಿಡು, ಬೇರೆಯೋರು ಹಾಡ್ತಾರೆ" ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಅಜ್ಜಿಗೆ ಸೀರೆ ತೋರಿಸಲು ಅಂದು ಮಧ್ಯಾಹ್ನ ಬಂದ ದೀಪಾ ಎಲ್ಲ ಕೇಳಿಸಿಕೊಂಡಳು. "ಟೈಪ್ ಯಾಕ್ ಮಾಡಕ್ ಹೋದ್ರಿ ತಾತ? ಬುಕ್ಕನ್ನೇ ಇಲ್ಲಿಟ್ರೆ ದೊಡ್ದಾಗಿ ಬರುತ್ತಲ್ಲ" ಎಂದು ಪ್ರಿಂಟರಿನ ಮುಚ್ಚಳ ಎತ್ತಿ ನೋಟುಬುಕ್ಕನ್ನು ಬೋರಲು ಹಾಕಿದಳು. ಬೆಳಕೊಂದು ಹರಿದಾಡಿತು. ಅಕ್ಕನ ಕೈಬರಹ ಹಾಳೆ ತುಂಬ ಹಿಗ್ಗಿ ಹೊರಬಂತು.

ಅಕ್ಕ ಹಾಳೆಯನ್ನು ಬೆಳಕಿಗೆ ಹಿಡಿದಳು. "ಇದು ನಿಮ್ಮಮ್ಮ ತೊಟ್ಟಿಲಲ್ಲಿದ್ದಾಗ ಬರೆದಿದ್ದು" ಎಂದಳು ದೀಪಾಳಿಗೆ. "ನೋಡು, ಒಂದ್ ಕೈಲಿ ತೂಗ್ತಾ ಬರ್ದು ಸಾಲೆಲ್ಲ ಸೊಟ್ಟ." ಆಮೇಲೆ ಬೆರಳಿಟ್ಟು ಮೆಲ್ಲಗೆ ಹಾಡತೊಡಗಿದಳು. ಚುಕ್ಕಿ ಬಂದಲ್ಲಿ ಉಸಿರು ತೆಗೆದುಕೊಂಡಳು.

ಧಾರೆಯ ದಿನ ಅವಳು ಒಂದು ಸಾಲೂ ತಪ್ಪಲಿಲ್ಲ. ಹಾಡಿಗೆ ದನಿ ಸೇರಿಸಿದ ಹೆಂಗಸರು ಅಲ್ಲೇ ಆ ಹಾಳೆ ಕೇಳಿದರು. "ಮನೆಗೆ ಬನ್ರೇ, ನನ್ ತಮ್ಮ ತೆಗ್ದುಕೊಡ್ತಾನೆ" ಎಂದುಬಿಟ್ಟಳು ಅಕ್ಕ, ನನ್ನನ್ನು ಒಂದು ಮಾತೂ ಕೇಳದೆ. ಈಗ ಸಂತೆಯ ದಿನ ಸೊಪ್ಪು ತರಕಾರಿಯ ಚೀಲ ಹಿಡಿದೇ ನಾಲ್ಕೈದು ಮಂದಿ ನಮ್ಮ ಜಗಲಿಗೆ ಬರುತ್ತಾರೆ. ನಾನು ಮುಚ್ಚಳ ಎತ್ತುವುದು, ಇಳಿಸುವುದು, ಸಿಕ್ಕಿಕೊಂಡ ಕಾಗದ ಎಳೆಯುವುದು. ನಡುನಡುವೆ ಯಂತ್ರಕ್ಕೆ ಬೈಗುಳ ಇದ್ದೇ ಇದೆ.

ಹೋದ ಶನಿವಾರ ಒಬ್ಬಳು ಹಾಳೆಯನ್ನು ಅತ್ತಿತ್ತ ತಿರುಗಿಸಿ, "ಮೇಷ್ಟ್ರೇ, ಇದೇನು ಅಕ್ಷರ? ಓದಕ್ಕೇ ಬರ್ತಿಲ್ವಲ್ಲ" ಎಂದಳು. ನಾನು ಕನ್ನಡಕ ಹಾಕಿ ಬಗ್ಗಿ ನೋಡಿದೆ. ಟೈಪ್ ಮಾಡುವಾಗ ಊಹೆಯಿಂದ ದಾಟಿಸಿದ್ದ ಜಾಗ ಅದು; ಮೂವತ್ತು ವರ್ಷ ಪಾಠ ಮಾಡಿದವನಿಗೂ ಗೊತ್ತಾಗಲಿಲ್ಲ.

ಒಳಗಿನಿಂದ ಅಕ್ಕ ಹೇಳಿದಳು: "ಓದಕ್ಕೆ ಹೋಗ್ಬೇಡ ಕಣೇ. ಹಾಡ್ ನೋಡು, ಗೊತ್ತಾಗುತ್ತೆ."