ಬೇಸ್‌ಮೆಂಟ್ ಅಂಕಲ್ ಮತ್ತು ಮೀಟರಿನ ಮುಳ್ಳು

ಹಾಡು ರೆಕಾರ್ಡ್ ಮಾಡುವಾಗ ಬಳಸುವ ಕಂಪ್ರೆಸರ್ ಪೆಟ್ಟಿಗೆಯ ಸ್ವಿಚ್ ಹಾಕಿ ಹತ್ತು ನಿಮಿಷವಾದರೆ ಒಂದು ವಾಸನೆ ಬರುತ್ತದೆ. ಒಳಗೆ ಕೂತ ಹಳೆಯ ಧೂಳು ಬೆಚ್ಚಗಾಗುವ ವಾಸನೆ; ಚಳಿಗಾಲದಲ್ಲಿ ಮೊದಲ ಸಲ ಹೀಟರ್ ಹಾಕಿದಾಗ ಬರುತ್ತದಲ್ಲ, ಹಾಗೆ. ಹೋದ ಶನಿವಾರ ಅಮೆರಿಕದ ಮೆಟುಚೆನ್‌ನ ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಆ ವಾಸನೆ ಎದ್ದಾಗ ಮೈಕ್ ಸರಿಸಿಟ್ಟೆ. ಎರಡು ಮನೆ ಆಚೆ ಇದ್ದ ಬೇಸ್‌ಮೆಂಟ್ ಅಂಕಲ್ ನೆನಪಾದರು.

ಅವರನ್ನು ಹೆಸರು ಹಿಡಿದು ಕರೆದವರಲ್ಲ ನಾವು. ಯಾವಾಗ ಹೋದರೂ ಬೇಸ್‌ಮೆಂಟಿನಲ್ಲೇ ಸಿಗುತ್ತಿದ್ದರಿಂದ ನನ್ನ ಮಗಳು ಚಿಕ್ಕವಳಿದ್ದಾಗ ಇಟ್ಟ ಹೆಸರು ಅದು. ಧಾರವಾಡದ ಕಡೆಯವರು, ನಿವೃತ್ತ ಎಂಜಿನಿಯರ್. ಯಾರದೋ ಗರಾಜ್ ಸೇಲಿನಲ್ಲಿ ಕೆಟ್ಟು ಬಿದ್ದಿದ್ದ ಈ ಪೆಟ್ಟಿಗೆಯನ್ನು ತಂದು, ರಿಪೇರಿ ಮಾಡಿ, ಮೈಕಿಗೂ ಕಂಪ್ಯೂಟರಿಗೂ ನಡುವೆ ಕೂರಿಸಿದ್ದರು. ನಮ್ಮವರಲ್ಲಿ ಯಾರು ನಾಲ್ಕು ಸಾಲು ಹಾಡಿದರೂ ಸರಿ, ಕರೆದು ರೆಕಾರ್ಡ್ ಮಾಡಿಕೊಡುವುದರಲ್ಲಿ ಅವರಿಗೆ ಎಲ್ಲಿಲ್ಲದ ಖುಷಿ. ಆಗಲೇ ಅವರ ಕಿವಿ ಮಂದವಾಗುತ್ತಿತ್ತು. ಅದು ಅವರಿಗೆ ಗೊತ್ತಿತ್ತು, ಅವರ ಹೆಂಡತಿ ಆಂಟಿಗೆ ಗೊತ್ತಿತ್ತು. ನನಗೆ ಮಾತ್ರ ಗೊತ್ತಿರಲಿಲ್ಲ.

ನನ್ನ ಅಜ್ಜಿ ಹಾಡುತ್ತಿದ್ದ ಏಳು ಜೋಗುಳಗಳನ್ನು ಯಾರೂ ಎಲ್ಲಿಯೂ ಬರೆದಿಟ್ಟಿರಲಿಲ್ಲ. ಮಗಳ ಪಾಲಿಗಾದರೂ ಉಳಿಯಲಿ ಎಂದು ನಾನು ಶನಿವಾರದ ಮಧ್ಯಾಹ್ನಗಳಲ್ಲಿ ಅಂಕಲ್ ಮನೆಗೆ ಹೋಗತೊಡಗಿದೆ. ಅಜ್ಜಿ ಮೊದಲ ಸಾಲನ್ನು ಗಟ್ಟಿಯಾಗಿ ಎತ್ತಿಕೊಳ್ಳುತ್ತಿದ್ದಳು. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಮಗು ಮಲಗಿರಬೇಕು, ಹಾಗಾಗಿ ಅದು ಬರೀ ಉಸಿರು. ನಾನೂ ಹಾಗೆಯೇ ಹಾಡುತ್ತಿದ್ದೆ. ಕಂಪ್ರೆಸರ್‌ನ ಕೆಲಸ ಇದಕ್ಕೆ ನೇರ ವಿರುದ್ಧ. ಜೋರು ದನಿಯನ್ನು ಅದುಮಿ, ಮೆಲುದನಿಯನ್ನು ಎತ್ತಿ, ಎರಡನ್ನೂ ಹತ್ತಿರ ತರುತ್ತದೆ. ಹಿತಮಿತವಾಗಿ ಬಳಸಿದರೆ ಚೆಂದ. ನಾಬ್ ಹೆಚ್ಚು ತಿರುಗಿಸಿದರೆ ಏರಿಳಿತವೇ ಇಲ್ಲದ ಹಾಡು.

ನಾನು ಹಾಡುವಾಗ ಅಂಕಲ್ ನನ್ನ ಮುಖ ನೋಡುತ್ತಿರಲಿಲ್ಲ. ಹೆಡ್‌ಫೋನ್ ಹಾಕಿಕೊಂಡು, ಪೆಟ್ಟಿಗೆಯ ಮೇಲೆ ದನಿಗೆ ತಕ್ಕಂತೆ ಅಲುಗುವ ಮೀಟರಿನ ಮುಳ್ಳನ್ನೇ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಎಂಥ ಶ್ರದ್ಧೆ ಅಂದುಕೊಂಡಿದ್ದೆ…

“ಕಡೀ ಸಾಲು ಯಾಕ ನುಂಗತೀಯವಾ ತಂಗಿ? ಸ್ವಲ್ಪ ಗಟ್ಟಿ ಹಾಡು.”

“ಅಂಕಲ್, ಇದು ಜೋಗುಳ. ಟ್ರೈನ್ ಅನೌನ್ಸ್‌ಮೆಂಟ್ ಅಲ್ಲ.”

ಅವರು ನಕ್ಕು ನಾಬ್ ಇನ್ನಷ್ಟು ತಿರುಗಿಸುತ್ತಿದ್ದರು. ನಾಲ್ಕನೆಯ ಜೋಗುಳ ಮುಗಿದ ದಿನ ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಮೊದಲ ಸಾಲೂ ಒಂದೇ, ಕೊನೆಯ ಸಾಲೂ ಒಂದೇ. ನಡುವೆ ನಾನು ಉಸಿರೆಳೆದದ್ದು, ಮನೆ ಬೆಚ್ಚಗಿಡುವ ಮೂಲೆಯ ಫರ್ನೇಸ್ ಗುಂಯ್‌ಗುಟ್ಟಿದ್ದು, ಎಲ್ಲವೂ ಎದೆಯ ಮೇಲೆ ಬಂದು ಕೂತಿದ್ದವು. ಮಲಗಿದ ಮಗು ಬೆಚ್ಚಿ ಎದ್ದು ಅಳಬೇಕು! ಸಾಫ್ಟ್‌ವೇರಿನಲ್ಲಿ ಮಾಡಿದ್ದರೆ ಆಮೇಲೆ ತೆಗೆದುಹಾಕಬಹುದಿತ್ತು. ಪೆಟ್ಟಿಗೆಯ ಮೂಲಕ ಹಾದು ಬಂದ ದನಿ ಹಾಗೆಯೇ ಅಚ್ಚಾಗಿಬಿಡುತ್ತದೆ, ಹಿಂದಕ್ಕೆ ಹೋಗಲು ದಾರಿಯಿಲ್ಲ. ಎರಡು ಗಂಟೆ ಹಾಡಿ ಗಂಟಲು ಒಣಗಿತ್ತು. ನನ್ನ ಸಿಟ್ಟೋ, ಸದಾ ಮೂಗಿನ ತುದಿಯಲ್ಲೇ.

“ಕೊನೇ ಸಾಲು ಕಿರುಚಿದ ಹಾಗಿದೆಯಲ್ಲ! ನಿಮಗೆ ಕಿವಿ ಕೇಳಿಸೋದಿಲ್ವಾ ಅಂಕಲ್?”

ಸಿಟ್ಟಿನಲ್ಲಿ ಯಾರಿಗೆ ಬೇಕಾದರೂ ಅಂದುಬಿಡುವ ಮಾತು. ಅವರು ನಾಬ್ ಮೇಲಿಂದ ಕೈ ತೆಗೆದರು. ಕನ್ನಡಕ ಬಿಚ್ಚಿ, ಅಂಗಿಯ ತುದಿಯಿಂದ ಒರೆಸಿದರು. ತುಂಬ ಹೊತ್ತು ಒರೆಸಿದರು…

“ಆತು ತಂಗಿ. ಇನ್ನೊಮ್ಮೆ ಮಾಡೂಣು,” ಅಂದರು.

ಆ ಇನ್ನೊಮ್ಮೆ ಬರಲೇ ಇಲ್ಲ. ನಾನು ಆನ್‌ಲೈನ್‌ನಲ್ಲಿ ಮೈಕ್ ತರಿಸಿಕೊಂಡೆ. ನನಗೆ ನಾನೇ ಎಂಜಿನಿಯರ್ ಎಂದು ಬೀಗಿದೆ. ಉಳಿದ ಮೂರು ಜೋಗುಳಗಳು ಇವತ್ತು, ನಾಳೆ ಎನ್ನುತ್ತ ಹಾಗೇ ಉಳಿದವು. ಅಂಕಲ್ ರಸ್ತೆಯಲ್ಲಿ ಸಿಕ್ಕರೆ ಕೈ ಬೀಸುತ್ತಿದ್ದರು, ನಾನು ಕಾರಿನೊಳಗಿಂದಲೇ ಬೀಸುತ್ತಿದ್ದೆ. ಇಳಿದು ಮಾತಾಡಿಸಿದ್ದರೆ ಆಗುತ್ತಿತ್ತು. ಇಳಿಯಲಿಲ್ಲ.

ಅವರು ತೀರಿಕೊಂಡ ಮೇಲೆ ಒಂದು ದಿನ ಆಂಟಿ ಹಳೆಯ ಟವೆಲಿನಲ್ಲಿ ಸುತ್ತಿದ ಕಂಪ್ರೆಸರ್ ಹೊತ್ತು ಬಂದರು.

“ಇದನ್ನ ನಿನಗ ಕೊಡು ಅಂದಿದ್ರು. ಕಿವಿಗೆ ಮಷೀನ್ ಹಾಕ್ಕೋರಿ ಅಂತ ಹೇಳಿ ಹೇಳಿ ನನಗ ಸಾಕಾಗಿತ್ತು ನೋಡು. ಮಷೀನ್ ಇಟ್ಕೊಂಡಾಂವನ ಮುಂದ ಯಾರ್ ಬಂದು ಹಾಡ್ತಾರ ಅನ್ನವ್ರು. ನೀ ಬರೂದು ಬಿಟ್ಟ ಮ್ಯಾಲೆ ಬ್ಯಾರೆ ಯಾರ್ನೂ ಕರೀಲೇ ಇಲ್ಲ. ಯಾಕೋ ಏನೋ…”

ಯಾಕೆಂದು ನನಗೆ ಗೊತ್ತಿತ್ತು. ನಾನು ಅಂದ ಮಾತನ್ನು ಅವರು ಹೆಂಡತಿಯ ಹತ್ತಿರವೂ ಆಡಿರಲಿಲ್ಲ. ಆಂಟಿಯ ಎದುರು ತಲೆ ಎತ್ತಲು ಆಗಲಿಲ್ಲ ನನಗೆ. ನನ್ನ ಹಾಡು ಕೆಡಿಸಲು ನಾಬ್ ತಿರುಗಿಸಿದವರಲ್ಲ ಅವರು. ಅಜ್ಜಿಯ ಕೊನೆಯ ಸಾಲು ತಮಗೂ ಕೇಳಲಿ ಎಂದು ತಿರುಗಿಸಿದ್ದರು. ಮುಳ್ಳು ಅಲುಗಿದರೆ ನಾನಿನ್ನೂ ಹಾಡುತ್ತಿದ್ದೇನೆ ಎಂದು ಅವರಿಗೆ ತಿಳಿಯುತ್ತಿತ್ತು, ಅಷ್ಟೆ.

ಹೋದ ಶನಿವಾರ ಉಳಿದ ಮೂರನ್ನೂ ಆ ಪೆಟ್ಟಿಗೆಯ ಮೂಲಕವೇ ಹಾಡಿ ಮುಗಿಸಿದೆ. ನಾಬ್‌ಗಳು ಅವರು ಬಿಟ್ಟಲ್ಲೇ ಇದ್ದವು, ಮುಟ್ಟಲಿಲ್ಲ. ಈಗ ಕಾಲೇಜಿಗೆ ಹೋಗುವ ಮಗಳು ಬಾಗಿಲಲ್ಲಿ ನಿಂತು ಕೇಳಿ, “ಅಮ್ಮಾ, ದಿ ಎಂಡ್ ಈಸ್ ವೇ ಟೂ ಲೌಡ್,” ಎಂದಳು.

ಗೊತ್ತು ಎಂದೆ. ಅಳಿಸಲಿಲ್ಲ. ಅವರಿದ್ದಾಗ ಆ ಒಂದು ಸಾಲನ್ನು ಗಟ್ಟಿಯಾಗಿ ಹಾಡಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?